ಯಾನ್ ಮಾವನ ಹಾವ್

ಮದುವೆಯಾಗಿ ಚೀನಾದ ತಿಯಾಂಜಿನ್‌ಗೆ ಬಂದ ಹೊಸದರಲ್ಲಿ ನಮ್ಮವರು ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಹಾಡು ಕೇಳಲು ಕರೆದುಕೊಂಡು ಹೋದರು. ಹೊಳೆ ದಂಡೆಯ ಮೇಲೆ ಬಾಯ್ಲರ್ ಕಾರ್ಖಾನೆಯ ಕಾರ್ಮಿಕರ ಹಳೇ ಹಜಾರ. ಅಲ್ಲಿ ಪ್ರತಿ ಭಾನುವಾರ ಊರಿನ ಹವ್ಯಾಸಿಗಳು ಸೇರಿ ಹಳೆಯ ಸಂಗೀತ ನಾಟಕಗಳ ಹಾಡು ಹೇಳುತ್ತಿದ್ದರು. ಮುಖಕ್ಕೆ ಬಣ್ಣವಿಲ್ಲ, ಮೈಮೇಲೆ ವೇಷವಿಲ್ಲ. ಸ್ವೆಟರ್ ಹಾಕಿಕೊಂಡೇ ರಾಜ, ಚಪ್ಪಲಿ ಮೆಟ್ಟಿಕೊಂಡೇ ಸೇನಾಪತಿ. ಎರಡು ತಂತಿಯ ಪಿಟೀಲು ಕೀರಲು ದನಿಯಲ್ಲಿ ಮುಂದೆ ಓಡುತ್ತಿತ್ತು, ನಮ್ಮವರು ಮರದ ತಾಳ ಹಿಡಿದು ಎಲ್ಲರನ್ನೂ ನಡೆಸುತ್ತಿದ್ದರು. ಹಾಡುವವನ ಸ್ವರ ಏರುತ್ತಾ ಏರುತ್ತಾ ತುದಿ ಮುಟ್ಟಿ ನಿಂತಿತು. ಅದೇ ಗಳಿಗೆಗೆ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮುದುಕರೊಬ್ಬರು "ಹಾವ್!" ಎಂದು ಅಬ್ಬರಿಸಿದರು. ನಾನು ಎರಡೂ ಕಾಲನ್ನು ಬೆಂಚಿನ ಮೇಲೆತ್ತಿಕೊಂಡು ಕಿರುಚಿದೆ.

ಕನ್ನಡದ ಕಿವಿಗೆ ಅದು ಇನ್ನು ಹೇಗೆ ಕೇಳಿಸಬೇಕಿತ್ತು? ಹಾವ್ ಅಂದರೆ ಇಲ್ಲಿ ಭೇಷ್, ಚೆನ್ನಾಗಿದೆ ಎಂದು ನಮ್ಮವರು ಆಮೇಲೆ ತಿಳಿಸಿ ಹೇಳಿದರು. ಅಷ್ಟು ಹೊತ್ತಿಗೆ ನನ್ನ ಮಾನ ಹೋಗಿ ಆಗಿತ್ತು. ಆದರೆ ವರ್ಷಗಳು ಕಳೆದ ಹಾಗೆ ನನಗೆ ಅನ್ನಿಸಿದ್ದು, ಆವತ್ತು ನಾನು ಕಾಲು ಎತ್ತಿಕೊಂಡಿದ್ದು ಪೂರ್ತಿ ತಪ್ಪೇನೂ ಅಲ್ಲ. ಆ ಮಾತು ಕಚ್ಚುವುದೂ ಉಂಟು. ಹಾಡು ಸರಿಯಾಗಿ ತುದಿ ಮುಟ್ಟಿದಾಗ ಕೂಗಿದರೆ ಅದು ಹೊಗಳಿಕೆ. ಹಾಡುವವನ ಗಂಟಲು ಒಡೆದಾಗಲೋ ತಾಳ ತಪ್ಪಿದಾಗಲೋ ಅದೇ ಮಾತನ್ನು ಅದೇ ಗತ್ತಿನಲ್ಲಿ ಕೂಗಿದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅದಕ್ಕೆ 'ಮಗುಚಿದ ಹಾವ್' ಎನ್ನುತ್ತಾರೆ. ಮಾತಿನಲ್ಲಿ ವ್ಯತ್ಯಾಸವಿಲ್ಲ, ಜಾಗದಲ್ಲಿ ಮಾತ್ರ. ಈ ಊರಿನವರು ಬೈಯುವುದಕ್ಕೂ ಬೇರೆ ಮಾತು ಖರ್ಚು ಮಾಡದ ಜಾಣರು.

ಆ ಮುದುಕರೇ ಯಾನ್ ದೆಹೌ. ನಮ್ಮ ಗಲ್ಲಿಯವರೇ, ಎದುರು ಮನೆ. ಊರಿನವರಿಗೆ ಯಾನ್ ಯಜಮಾನರು, ನನಗೆ ಯಾನ್ ಮಾವ. ಅವರು ಜೀವನದಲ್ಲಿ ಒಂದು ಸಾಲು ಹಾಡಿದವರಲ್ಲ, ಒಂದು ತಂತಿ ಮುಟ್ಟಿದವರಲ್ಲ. ಕೇಳುವುದಷ್ಟೇ ಅವರ ವಿದ್ಯೆ. ತಿಯಾಂಜಿನ್‌ನ ಹಳಬರು ನಾಟಕ ನೋಡುತ್ತೇವೆ ಎನ್ನುವುದಿಲ್ಲ, ಕೇಳುತ್ತೇವೆ ಎನ್ನುತ್ತಾರೆ. ಕಣ್ಣು ಬಿಟ್ಟು ಕೂತವನು ದಡ್ಡ, ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಬೆರಳಾಡಿಸುವವನು ರಸಿಕ. ಯಾನ್ ಮಾವ ಹಜಾರಕ್ಕೆ ಬಂದು, ಮುಚ್ಚಳದ ಲೋಟದಲ್ಲಿ ಮಲ್ಲಿಗೆ ಚಹಾ ಇಟ್ಟುಕೊಂಡು, ಬೆಂಚಿನ ತುದಿಯಲ್ಲಿ ಕೂತು ಕಣ್ಣು ಮುಚ್ಚಿದರೆಂದರೆ ಹಾಡುವವರ ಎದೆ ಹೊಡೆದುಕೊಳ್ಳುತ್ತಿತ್ತು. ಹಾಡಿನ ನಡುವೆ ಅವರು ಕಣ್ಣು ತೆರೆದರೆ ಕಥೆ ಮುಗಿದ ಹಾಗೆ. ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ಅವರು ದುಡಿದಿದ್ದು ಬಾಯ್ಲರ್ ಕಾರ್ಖಾನೆಯಲ್ಲಿ, ಕಬ್ಬಿಣದ ಹಾಳೆಗೆ ರಿವೆಟ್ ಬಡಿಯುವ ಕೆಲಸ. ಅವರ ಜೊತೆಯವರೆಲ್ಲ ನಿವೃತ್ತಿಯ ಹೊತ್ತಿಗೆ ಕಿವುಡರಾಗಿದ್ದರು. ಇವರು ಮಾತ್ರ ಎದೆ ತಟ್ಟಿಕೊಂಡು, "ಅವರ ಕಿವಿಗೆ ಬರೀ ಕಬ್ಬಿಣ ಬಿತ್ತು. ನನ್ನ ಕಿವಿಗೆ ಚಿಕ್ಕಂದಿನಿಂದ ಹಾಡು ಬಿದ್ದಿದೆ. ಎಣ್ಣೆ ಹಾಕಿದ ಕೀಲು ತುಕ್ಕು ಹಿಡಿಯುತ್ತಾ?" ಎನ್ನುತ್ತಿದ್ದರು. ಯಾರೂ ಎದುರು ಮಾತಾಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಎದುರು ಮಾತಾಡಲು ಅವರು ಬಿಡುತ್ತಲೂ ಇರಲಿಲ್ಲ. ಬೆಳಿಗ್ಗೆ ಗಲ್ಲಿಯ ತುದಿಯಲ್ಲಿ ಹೆಸರುಬೇಳೆ ದೋಸೆ ಕೊಳ್ಳಲು ನಿಂತರೆ, ದೋಸೆಯವಳು ಮೊಟ್ಟೆ ಒಂದೋ ಎರಡೋ ಎಂದು ಕೇಳುವ ಮೊದಲೇ ಇವರ ಭಾಷಣ ಶುರುವಾಗಿರುತ್ತಿತ್ತು.

ಎಣ್ಣೆ ಅಂಗಡಿಯ ನಿಂಗ್ ಎಂಬುವನೊಬ್ಬನಿದ್ದ. ಎಳ್ಳೆಣ್ಣೆ ಮಾರುವವನು, ಭಾನುವಾರ ಮಾತ್ರ ಸೇನಾಪತಿ. ಒಂದು ಚಳಿಗಾಲದಲ್ಲಿ ಯಾನ್ ಮಾವ ಅವನಿಗೊಂದು ಹಾವ್ ಕೊಟ್ಟಿದ್ದರು. ಅವನು ಅದನ್ನು ಇವತ್ತಿಗೂ ಗಿರಾಕಿಗಳಿಗೆ ಎಣ್ಣೆಯ ಜೊತೆ ಪುಕ್ಕಟೆ ಕೊಡುತ್ತಾನೆ. "ಯಾನ್ ಯಜಮಾನ್ರು ನನಗೆ ಕೂಗಿದಾರೆ ಅಕ್ಕಾ, ಸುಮ್ನೆ ಅಲ್ಲ," ಎಂದು ನನಗೇ ಎಷ್ಟು ಸಲ ಹೇಳಿದ್ದಾನೋ. ಈ ಊರಿನಲ್ಲಿ ಹೆಣ್ಣುಮಕ್ಕಳೆಲ್ಲ ಅಕ್ಕಂದಿರೇ. ಎಂಬತ್ತರ ಮುದುಕಿಯನ್ನೂ ಅಕ್ಕಾ ಎಂದೇ ಕರೆಯುತ್ತಾರೆ, ಮುದುಕಿಗೂ ಅದು ಇಷ್ಟ.

ಊರಿಗೆಲ್ಲ ಹಾವ್ ಹಂಚಿದ ಯಾನ್ ಮಾವ ಅದನ್ನು ಕೊಡದೇ ಉಳಿಸಿಕೊಂಡಿದ್ದು ಒಬ್ಬಳಿಗೆ ಮಾತ್ರ, ಸ್ವಂತ ಮಗಳಿಗೆ.

ರುಯಿಚಿನ್ ಸಿಟಿ ಬಸ್ಸಿನ ಕಂಡಕ್ಟರ್. ಅಗಲ ಮುಖ, ದೊಡ್ಡ ದನಿ. ಬಸ್ಸು ಹೊಳೆ ದಾಟುವಾಗ ಅವಳು ನಿಲ್ದಾಣದ ಹೆಸರು ಕೂಗಿದರೆ ಸೇತುವೆಯ ಮೇಲೆ ಗಾಳ ಹಾಕಿ ಕೂತವರೂ ತಿರುಗಿ ನೋಡುತ್ತಿದ್ದರು. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅಪ್ಪನ ಜೊತೆಯೇ ಹಜಾರದ ಬೆಂಚಿನಲ್ಲಿ ಬೆಳೆದವಳು. ಹುಡುಗಿಯಾಗಿದ್ದಾಗ ಒಮ್ಮೆ ಪಾತ್ರೆ ತೊಳೆಯುತ್ತಾ ಏನೋ ಹಾಡಿಕೊಂಡಳಂತೆ. ಒಳಗಿನಿಂದ ಅಪ್ಪ, "ಉಸಿರು ಎಲ್ಲಿಂದ ತಗೋತಿದ್ದೀಯೇ, ಹೊಟ್ಟೆಯಿಂದಲೋ ಬಕೆಟ್ಟಿನಿಂದಲೋ?" ಎಂದರು. ಅಷ್ಟೇ. ಅವಳು ಬಾಯಿ ಮುಚ್ಚಿಕೊಂಡಳು. ಮದುವೆಯಾಗಿ, ಮಗುವಾಗಿ, ತಲೆಯಲ್ಲಿ ಎರಡು ಬಿಳಿ ಕೂದಲು ಕಂಡ ಮೇಲೆ, ಬಸ್ ಡಿಪೋದ ಶೆಡ್ಡಿನ ಹಿಂದೆ ಪಿಟೀಲಿನ ಶಾಂಗ್‌ನಿಂದ ಗುಟ್ಟಾಗಿ ಕಲಿಯಲು ಶುರು ಮಾಡಿದಳು. ಶಾಂಗ್ ಕ್ಷೌರದ ಅಂಗಡಿಯವನು, ಹಜಾರದಲ್ಲಿ ಪಿಟೀಲು ಅವನದೇ. ಅವಳು ಆರಿಸಿಕೊಂಡಿದ್ದು ಮುದುಕಿಯ ಪಾತ್ರ. ಯುದ್ಧಕ್ಕೆ ಹೊರಟ ಮಗನನ್ನು ಬೀಳ್ಕೊಡಲು ತಾಯಿ ದೋಣಿಗಟ್ಟೆಗೆ ಬರುತ್ತಾಳೆ. ಮಗ ಬೆನ್ನು ಹಾಕಿ ದೋಣಿಯಲ್ಲಿ ಕೂತಾಗಿದೆ. "ದೋಣಿಯವನೇ, ನಿಲ್ಲು, ಒಮ್ಮೆ ಅವನು ಹಿಂದೆ ತಿರುಗಲಿ" ಎಂದು ಹಾಡುವಾಗ ಕೊನೆಯಲ್ಲಿ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಏರಿ ತುದಿಯಲ್ಲಿ ನಿಲ್ಲಬೇಕು.

"ಮುದುಕಿ ಪಾತ್ರ ಯಾಕೆ? ನಿನಗೇನು ಅಂಥ ವಯಸ್ಸು?" ಎಂದು ನಾನು ಕೇಳಿದ್ದೆ.

"ಹುಡುಗಿ ಪಾತ್ರದಲ್ಲಿ ಅಪ್ಪ ನೂರು ತಪ್ಪು ಹುಡುಕ್ತಾರೆ ಅಕ್ಕಾ. ಮುದುಕಿ ಪಾತ್ರ ಅಂದ್ರೆ ಅವರಿಗೆ ಜೀವ. ನಮ್ಮಜ್ಜಿ ನೆನಪಾಗ್ತಾರೆ," ಎಂದಳು. ಆಮೇಲೆ ನಾಚಿಕೊಂಡು, "ಒಂದೇ ಒಂದು ಹಾವ್ ಸಾಕು ನಂಗೆ. ಆಮೇಲೆ ಬಾಯಿಗೆ ಬೀಗ ಹಾಕ್ಕೊಂಡು ಟಿಕೆಟ್ ಹರೀತೀನಿ," ಎಂದಳು.

ನನಗೆ ಅಯ್ಯೋ ಅನ್ನಿಸಿತು. ಒಂದು ಮಾತಿಗಾಗಿ ಇಷ್ಟು ದೊಡ್ಡ ಹೆಂಗಸು ಶೆಡ್ಡಿನ ಹಿಂದೆ ನಿಂತು ಗಂಟಲು ಹರಿದುಕೊಳ್ಳಬೇಕೆ ಎಂದು ಆ ಮುದುಕರ ಮೇಲೆ ಸಿಟ್ಟೂ ಬಂತು.

ವಸಂತದ ಒಂದು ಭಾನುವಾರ ಅವಳ ಸರದಿ ಬಂತು. ಹಜಾರ ತುಂಬಿತ್ತು, ಯಾನ್ ಯಜಮಾನರ ಮಗಳು ಅಪ್ಪನ ಮುಂದೆ ಹಾಡುತ್ತಾಳೆ ಎಂದರೆ ಬಾರದವರು ಯಾರು? ಯಾನ್ ಮಾವ ಎಂದಿನ ಜಾಗದಲ್ಲಿ ಕೂತು ಕಣ್ಣು ಮುಚ್ಚಿದರು. ರುಯಿಚಿನ್ ಬಸ್ಸಿನ ಸಮವಸ್ತ್ರದಲ್ಲೇ ನಿಂತು ಶುರು ಮಾಡಿದಳು. ಚೆನ್ನಾಗಿತ್ತು. ನನ್ನಂಥವಳಿಗೂ ಗೊತ್ತಾಗುವಷ್ಟು ಚೆನ್ನಾಗಿತ್ತು. ಸೂರ್ಯಕಾಂತಿ ಬೀಜ ಒಡೆಯುತ್ತಿದ್ದವರ ಹಲ್ಲು ನಿಂತಿತು. ಕೊನೆಯ ಸಾಲು ಬಂತು, ಸ್ವರ ಏರತೊಡಗಿತು, ಇನ್ನೇನು ತುದಿ ಎನ್ನುವಾಗ ಯಾನ್ ಮಾವ ಕಣ್ಣು ತೆರೆದರು.

ಅವಳು ಅದನ್ನು ನೋಡಿದಳು. ಎಲ್ಲೋ ತಪ್ಪಿದೆ ಎಂದೇ ಅಂದುಕೊಂಡಿರಬೇಕು. ಗಂಟಲು ಹಳೇ ಬಟ್ಟೆಯ ಹಾಗೆ ಪರ್ರನೆ ಹರಿಯಿತು. ಹರಿದ ಆ ಗಳಿಗೆಗೇ, ಒಂದು ಎಳೆ ಹಿಂದಿಲ್ಲ ಮುಂದಿಲ್ಲ, ಯಾನ್ ಮಾವ ಎದೆ ತುಂಬಿ ಕೂಗಿದರು: "ಹಾವ್!"

ಇಡೀ ಹಜಾರ ಬಿದ್ದು ಬಿದ್ದು ನಕ್ಕಿತು. ನಿಂಗ್ ತೊಡೆ ತಟ್ಟಿಕೊಂಡ. ರುಯಿಚಿನ್ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಹೋದಳು. ಯಾನ್ ಮಾವ ನಗುತ್ತಾ ಸುತ್ತ ನೋಡುತ್ತಿದ್ದರು. ಮಗಳನ್ನು ಹಾಗೆ ಅವಮಾನ ಮಾಡಿ ಹಲ್ಲು ಬಿಡುತ್ತಾರಲ್ಲ, ಇವರೂ ಮನುಷ್ಯರೇ ಎಂದು ನಾನು ಆವತ್ತು ಅವರ ಚಹಾ ಲೋಟಕ್ಕೆ ಎಂದಿನಂತೆ ಬಿಸಿನೀರು ಹಾಕಲಿಲ್ಲ.

ಊರಿನ ಲೆಕ್ಕವೇ ಬೇರೆ. ಮಗಳೆಂದು ನೋಡಲಿಲ್ಲ, ಮುಲಾಜು ಇಟ್ಟುಕೊಳ್ಳಲಿಲ್ಲ, ಕಿವಿ ಎಂದರೆ ಅದು, ನ್ಯಾಯ ಎಂದರೆ ಅದು ಎಂದು ಹೊಳೆಯಾಚೆಯ ಸಂಘಗಳವರೆಗೂ ಸುದ್ದಿ ಹೋಯಿತು. ಜನ ಬಂದು ಕೈ ಕುಲುಕಿದರು. ಹಜಾರದವರು ಸಭೆ ಸೇರಿ, ಇಂಥವರನ್ನು ಬೆಂಚಿನ ತುದಿಯಲ್ಲಿ ಕೂರಿಸುವುದು ನಮಗೇ ಅವಮಾನ ಎಂದು ತೀರ್ಮಾನಿಸಿ, ಮುಚ್ಚಿಹೋದ ಕಾರ್ಖಾನೆಯ ಮ್ಯಾನೇಜರ್ ಕೋಣೆಯಿಂದ ದಪ್ಪ ಮೆತ್ತೆಯ ಕುರ್ಚಿಯೊಂದನ್ನು ಹೊತ್ತು ತಂದು, ಎಲ್ಲರಿಗಿಂತ ಮುಂದೆ, ಒಂದು ರತ್ನಗಂಬಳಿಯ ತುಂಡಿನ ಮೇಲೆ ಹಾಕಿದರು. ಯಾನ್ ಮಾವ ಬೇಡ ಬೇಡ ಎಂದರು. ಅದನ್ನೂ ವಿನಯ ಎಂದುಕೊಂಡರು.

ಆ ಕುರ್ಚಿಯಲ್ಲಿ ಕೂತ ಮೇಲೆ ಯಾನ್ ಮಾವನ ಬಾಯಿಂದ ಒಂದೇ ಒಂದು ಹಾವ್ ಬರಲಿಲ್ಲ. ವಾರದ ಮೇಲೆ ವಾರ ಕಣ್ಣು ಮುಚ್ಚಿ ಸುಮ್ಮನೆ ಕೂತಿರುತ್ತಿದ್ದರು. ಅವರ ಮಟ್ಟ ಇನ್ನೂ ಮೇಲೇರಿದೆ, ನಮ್ಮದು ಸಾಲದು ಎಂದು ಹಾಡುವವರು ಮನೆಯಲ್ಲಿ ಗಂಟಲು ಕಿತ್ತುಕೊಂಡು ಸಾಧನೆ ಮಾಡತೊಡಗಿದರು. ಅಕ್ಕಪಕ್ಕದ ಮನೆಯವರು ಯಾನ್ ಮಾವನನ್ನು ಶಪಿಸತೊಡಗಿದರು.

ಅತ್ತ ರುಯಿಚಿನ್ ಹಾಡುವುದನ್ನು ಬಿಟ್ಟಳು. ಭಾನುವಾರ ತಪ್ಪದೆ ಅಪ್ಪನಿಗೆ ಕಡುಬು ಮಾಡಿ ತರುತ್ತಿದ್ದವಳು ಈಗ ಡಬ್ಬಿಯನ್ನು ನಮ್ಮ ಮನೆಯಲ್ಲಿಟ್ಟು, "ಅವರಿಗೆ ಕೊಟ್ಬಿಡಿ ಅಕ್ಕಾ," ಎಂದು ಬಾಗಿಲಿನಿಂದಲೇ ಹೋಗಿಬಿಡುತ್ತಿದ್ದಳು. ನಿಲ್ದಾಣದ ಹೆಸರುಗಳನ್ನೂ ಈಗ ಅವಳು ಗೊಣಗಿದ ಹಾಗೆ ಹೇಳುತ್ತಾಳೆಂದು, ಜನ ಇಳಿಯಬೇಕಾದಲ್ಲಿ ಇಳಿಯದೆ ಜಗಳವಾಡುತ್ತಾರೆಂದು ಡಿಪೋದವರು ಹೇಳುತ್ತಿದ್ದರು.

ಇಂಥದೇ ಒಂದು ಡಬ್ಬಿ ಕೊಡಲು ಒಂದು ಮಧ್ಯಾಹ್ನ ಎದುರು ಮನೆಗೆ ಹೋದೆ. ಒಲೆಯ ಮೇಲಿನ ಸಿಳ್ಳೆ ಕೆಟಲ್ ರೈಲಿನ ಹಾಗೆ ಕೂಗುತ್ತಿತ್ತು. ಅದರ ತಳ ಸುಟ್ಟ ವಾಸನೆ ಬಾಗಿಲವರೆಗೂ ಬಂದಿತ್ತು. ಯಾನ್ ಮಾವ ಅಲ್ಲೇ, ಕೈಗೆಟಕುವ ದೂರದಲ್ಲಿ, ರೇಡಿಯೋ ಮುಂದೆ ಮಂಚದ ಮೇಲೆ ಕಣ್ಣು ಮುಚ್ಚಿ ಕೂತಿದ್ದಾರೆ. ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದೆ, ತಲೆ ತೂಗುತ್ತಿದೆ. ರೇಡಿಯೋದಿಂದ ಬರುತ್ತಿದ್ದುದು ಬರೀ ಕರಕರ. ಮುಳ್ಳು ಎರಡು ನಿಲಯಗಳ ನಡುವೆ ನಿಂತಿತ್ತು. ನಾನು ಒಲೆ ಆರಿಸಿದೆ. ರೇಡಿಯೋವನ್ನೂ ಆರಿಸಿದೆ. ಬೆರಳು ನಿಲ್ಲಲಿಲ್ಲ. ಮನೆಯಲ್ಲಿ ಪೂರ್ತಿ ನಿಶ್ಶಬ್ದ. ಸ್ವಲ್ಪ ಹೊತ್ತಿನ ಮೇಲೆ ಯಾನ್ ಮಾವ ಮೆಲ್ಲಗೆ, ತೃಪ್ತಿಯಿಂದ, "ಹಾವ್," ಎಂದರು.

ನಾನು ಕೈಯಲ್ಲಿದ್ದ ಡಬ್ಬಿ ಅಲ್ಲೇ ಇಟ್ಟು ಅವರ ಭುಜ ಹಿಡಿದು ಅಲ್ಲಾಡಿಸಿದೆ. ಅವರು ಕಣ್ಣು ಬಿಟ್ಟು ನನ್ನನ್ನು, ಕೆಟಲನ್ನು, ಆರಿದ ರೇಡಿಯೋವನ್ನು ಒಂದೊಂದಾಗಿ ನೋಡಿದರು. ತಪ್ಪಿಸಿಕೊಳ್ಳಲು ದಾರಿಯಿಲ್ಲವೆಂದು ಗೊತ್ತಾಯಿತು.

"ಯಾವಾಗಿಂದ ಮಾವ?" ಎಂದು ನಾನು ಬಾಯಿ ಅಗಲಿಸಿ ಕೇಳಿದೆ.

"ನೀನು ಬೆಂಚಿನ ಮೇಲೆ ಕಾಲೆತ್ತಿಕೊಂಡು ಕಿರುಚಿದ್ದೆಯಲ್ಲ, ಅದು ಕೇಳಿಸಿತ್ತು. ಆಮೇಲೆ ಒಂದೊಂದೇ ಸ್ವರ ಕಡಿಮೆ ಆಗ್ತಾ ಬಂತು. ಮೊದಲು ಪಿಟೀಲು ಹೋಯ್ತು, ಆಮೇಲೆ ಹೆಂಗಸರು ಹೋದ್ರು, ಆಮೇಲೆ ನಿಂಗ್ ಹೋದ. ನಿಂಗ್ ಹೋಗಿದ್ದು ಒಳ್ಳೇದೇ ಆಯ್ತು ಅನ್ನು."

"ಮತ್ತೆ ಇಷ್ಟು ವರ್ಷ ಕೂಗ್ತಿದ್ರಲ್ಲ?"

"ಬೆಂಚು ಇತ್ತಲ್ಲಮ್ಮ." ಆ ಬೆಂಚು ಇನ್ನೂ ಕೆಳಗೇ ಇರುವ ಹಾಗೆ ಅವರು ಮಂಚದ ಅಂಚು ತಟ್ಟಿದರು. "ಹಾಡು ಎಲ್ಲಿ ಏರುತ್ತೆ, ಎಲ್ಲಿ ಇಳಿಯುತ್ತೆ ಅಂತ ತಲೆಯಲ್ಲಿ ಇದ್ದೇ ಇದೆ. ನಗಾರಿ ಹೊಡೆದ್ರೆ ಅಂಗಾಲಿಗೆ ಬರುತ್ತೆ. ತುದಿ ಸ್ವರ ಬಂದಾಗ ಜನ ಬೀಜ ಅಗಿಯೋದು ನಿಲ್ಲಿಸ್ತಾರೆ, ಬೆಂಚು ಅಲುಗಾಡೋದು ನಿಂತುಬಿಡುತ್ತೆ. ಆಗ ಕೂಗೋದು. ಅದಕ್ಕೆ ಕಿವಿ ಯಾಕೆ ಬೇಕು? ಈಗ ಆ ದರಿದ್ರ ಕುರ್ಚಿ ತಂದು ಹಾಕಿದಾರೆ. ಹತ್ತಿ ಮೂಟೆ ಮೇಲೆ ಕೂತ ಹಾಗಿದೆ, ಏನೂ ಬರಲ್ಲ."

"ರುಯಿಚಿನ್‌ಗೆ ಹಾಗೆ ಯಾಕೆ ಕೂಗಿದ್ರಿ?"

"ಹಾಗೆ ಅಂದ್ರೆ?"

ಅವರಿಗೆ ಗೊತ್ತೇ ಇರಲಿಲ್ಲ. ನಾನು ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಬೇಕಾಯಿತು: ಗಂಟಲು ಒಡೆಯಿತು, ಒಡೆದ ಗಳಿಗೆಗೇ ನೀವು ಕೂಗಿದಿರಿ, ಎಲ್ಲರೂ ನಕ್ಕರು. ಅವರ ಮುಖ ಬಾಡಿಹೋಯಿತು. ಮಗಳು ಯಾಕೆ ಬರುತ್ತಿಲ್ಲ ಎಂದರೆ ಬಸ್ಸಿನ ಪಾಳಿ ಬದಲಾಗಿರಬೇಕು ಎಂದುಕೊಂಡಿದ್ದರಂತೆ. ಜನ ಕೈ ಕುಲುಕಿದ್ದು ಮಗಳ ಹಾಡಿಗೆ ಎಂದುಕೊಂಡಿದ್ದರಂತೆ.

"ಬೇರೆಯವರಿಗೆ ಬೆಂಚು ಸಾಕು. ಅವಳಿಗೆ ತಪ್ಪಬಾರದು ಅಂತ ಕಣ್ಣು ಬಿಟ್ಟೆ ಕಣಮ್ಮ," ಎಂದರು. "ಶಾಂಗ್‌ನ ಪಿಟೀಲಿನ ಕಮಾನು ಎಲ್ಲಿ ನಿಲ್ಲುತ್ತೋ ನೋಡಿಕೊಂಡು ಸರಿಯಾಗಿ ಕೂಗಬೇಕು ಅಂತ. ತಪ್ಪು ಹಿಡಿಯೋಕಲ್ಲದೆ, ಜೀವಮಾನಕ್ಕೆ ಒಂದೇ ಸಲ ಕಣ್ಣು ಬಿಟ್ಟು ಕೇಳಿದ್ದು ನಾನು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಸುಟ್ಟ ಕೆಟಲ್ ತಿಕ್ಕುತ್ತಾ ನಾನು ಅತ್ತೆ.

"ಹೋಗಿ ಅವಳಿಗೆ ಹೇಳಿ," ಎಂದೆ.

"ಕಿವುಡ ಅಂತ ಹೇಳೋದಾ? ಆಮೇಲೆ ನಿಂಗ್‌ನ ಹಾವ್ ಏನಾಗುತ್ತೆ? ಇಷ್ಟು ಜನ ಇಟ್ಟುಕೊಂಡಿರೋ ಹಾವ್ ಏನಾಗುತ್ತೆ?" ಎಂದು ಸ್ವಲ್ಪ ಹೊತ್ತು ಮುದುಕರು ಊರಿನ ಚಿಂತೆ ಮಾಡಿದರು. ಅದು ಊರಿನ ಚಿಂತೆಯಲ್ಲ, ಅವರ ಮರ್ಯಾದೆಯ ಚಿಂತೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಊರಿನಲ್ಲಿ ಅವರಿಗೆ ಇದ್ದ ಆಸ್ತಿ ಎಂದರೆ ಆ ಕಿವಿ ಒಂದೇ. ಅದನ್ನು ಉಳಿಸಿಕೊಳ್ಳಬೇಕು, ಇಲ್ಲ ಮಗಳನ್ನು. ಎರಡೂ ಆಗುವ ಹಾಗಿರಲಿಲ್ಲ.

ಮುಂದಿನ ಭಾನುವಾರ ಅವರು ನಿರ್ಧಾರ ಮಾಡಿಕೊಂಡೇ ಬಂದಿದ್ದರು. ನಿಂಗ್ ಹಾಡಿ ಮುಗಿಸಿ ಆಸೆಯಿಂದ ಕುರ್ಚಿಯ ಕಡೆ ನೋಡುತ್ತಿದ್ದಾಗ ಯಾನ್ ಮಾವ ಎದ್ದು ನಿಂತರು. ಹಜಾರ ಸ್ತಬ್ಧವಾಯಿತು.

"ನನಗೆ ಕಿವಿ ಕೇಳಿಸಲ್ಲ," ಎಂದು ದೊಡ್ಡ ದನಿಯಲ್ಲಿ ಹೇಳಿದರು. "ಒಂದು ಸ್ವರಾನೂ ಕೇಳಿಸಲ್ಲ."

ಆಮೇಲೆ ಹೆಂಚು ಹಾರುವ ಹಾಗೆ ನಗು, ಚಪ್ಪಾಳೆ. "ಕೇಳಿದಿರಾ? ನನ್ನ ಹಾಡಿಗೆ ಕಿವಿಯೇ ಹೋಯ್ತಂತೆ ಯಜಮಾನ್ರಿಗೆ! ಬೈದ್ರೂ ಎಂಥಾ ಬೈಗುಳ!" ಎಂದು ನಿಂಗ್ ನಡು ಬಗ್ಗಿಸಿ ನಮಸ್ಕಾರ ಹಾಕಿದ. ಯಾನ್ ಮಾವ ಕಿವಿ ತೋರಿಸಿ, ಕೈ ಆಡಿಸಿ, "ನಿಜವಾಗ್ಲೂ! ಕಿವುಡ ನಾನು!" ಎಂದಷ್ಟೂ ಜನ ಕಣ್ಣೊರೆಸಿಕೊಂಡು ನಕ್ಕರು. ಆ ನಟನೆ ಎಷ್ಟು ಚೆಂದ ಎಂದರು. ಮಾತಿನ ಚಟಾಕಿಗೆ ಪ್ರಾಣ ಬಿಡುವ ಊರಿನಲ್ಲಿ ನಿಜ ಹೇಳುವವನ ಪಾಡು ಇಷ್ಟೇ. ಅವರು ಸೋತು ಕುರ್ಚಿಯಲ್ಲಿ ಕುಸಿದರು. ವರ್ಷಗಟ್ಟಲೆ ಸುಳ್ಳನ್ನು ನಂಬಿದ ಜನ ನಿಜವನ್ನು ಒಂದು ಗಳಿಗೆಯೂ ನಂಬಲಿಲ್ಲ.

ಇನ್ನು ಇದು ಇವರಿಂದಾಗದು ಎಂದು ನಾನೇ ಮರುದಿನ ರುಯಿಚಿನ್‌ಳ ಬಸ್ಸು ಹತ್ತಿದೆ. ಅವಳು ಟಿಕೆಟ್ ಹರಿಯುತ್ತಾ ನನ್ನ ಮಾತು ಪೂರ್ತಿ ಕೇಳಿದಳು.

"ಯಾರು ಕಳಿಸಿದ್ರು ನಿಮ್ಮನ್ನ? ಅವರೇನಾ?" ಎಂದಳು.

"ಯಾರೂ ಕಳಿಸ್ಲಿಲ್ಲ ಕಣೇ. ನಿನ್ನಪ್ಪನಿಗೆ ಕೆಟಲ್ ಸಿಳ್ಳೆ ಕೇಳಿಸಲ್ಲ."

"ಅಕ್ಕಾ, ಗೋಡೆಯಾಚೆ ನಾನು ಪಾತ್ರೆ ತೊಳೀತಾ ಉಸಿರು ತಗೊಂಡಿದ್ದನ್ನ ಹಿಡಿದ ಮನುಷ್ಯ ಅದು. ಕಿವುಡ ಆಗಿದ್ರೆ ಸರಿಯಾಗಿ ನನ್ನ ಗಂಟಲು ಒಡೆದ ಗಳಿಗೆಗೇ ಹೇಗೆ ಕೂಗಿದ್ರು? ಇಡೀ ಹಾಡಲ್ಲಿ ಇನ್ನೆಲ್ಲೂ ಅವರಿಗೆ ಬಾಯಿ ಬರ್ಲಿಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಆದರೆ ನೂಕುನುಗ್ಗಲಿನ ಬಸ್ಸಿನಲ್ಲಿ ಬೆಂಚು, ಬೀಜ, ಕಮಾನು ಎಂದು ಕೂಗಿ ಹೇಳಿದರೆ ನನಗೇ ಅದು ಕಟ್ಟುಕಥೆಯ ಹಾಗೆ ಕೇಳಿಸಿತು. ಅವಳು ನಿಲ್ದಾಣದ ಹೆಸರು ಗೊಣಗಿದಳು. ನಾನು ಇಳಿಯುವಾಗ ಬೆನ್ನ ಹಿಂದೆ, "ನಾನೇ ನೋಡ್ತೀನಿ," ಎಂದಂತಾಯಿತು.

ಅವಳು ಬಂದದ್ದು ಶರತ್ಕಾಲದಲ್ಲಿ, ಕಿಟಕಿಗೆ ಹೊಳೆಯ ಗಾಳಿ ಹೊಡೆಯುತ್ತಿದ್ದ ಒಂದು ಭಾನುವಾರ. ಚಹಾದ ಬಿಡುವು, ಯಾರೂ ಹಾಡುತ್ತಿರಲಿಲ್ಲ. ಯಾನ್ ಮಾವ ಮುಂದಿನ ಕುರ್ಚಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ, ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೂತಿದ್ದರು. ರುಯಿಚಿನ್ ಒಳಗೆ ಬಂದವಳು ಮುಂದೆ ಬರಲಿಲ್ಲ. ಬಾಗಿಲಲ್ಲೇ ನಿಂತು, ಯಾವ ವಾದ್ಯವೂ ಇಲ್ಲದೆ, ದೋಣಿಗಟ್ಟೆಯ ಹಾಡು ಎತ್ತಿಕೊಂಡಳು.

ಶಾಂಗ್ ಬೆಚ್ಚಿ ಪಿಟೀಲು ತೊಡೆಗೆಳೆದುಕೊಂಡ. ನಮ್ಮವರು ಚಹಾ ಚೆಲ್ಲಿಕೊಂಡು ತಾಳ ಹಿಡಿದರು. ಎಲ್ಲರೂ ತಿರುಗಿ ಅವಳನ್ನು ನೋಡಿದರು, ಒಬ್ಬರನ್ನು ಬಿಟ್ಟು. ಅವಳು ಹಾಡುತ್ತಿದ್ದುದು ನಮಗಲ್ಲ, ಕುರ್ಚಿಯ ಮೇಲೆ ಕಾಣುತ್ತಿದ್ದ ಆ ನರೆತ ತಲೆಯ ಹಿಂಭಾಗಕ್ಕೆ. ದೋಣಿಯವನೇ, ನಿಲ್ಲು, ಒಮ್ಮೆ ಅವನು ಹಿಂದೆ ತಿರುಗಲಿ. ಇಂಥ ಹಾಡನ್ನು ನಾನು ಆ ಹಜಾರದಲ್ಲಿ ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಕೊನೆಯ ಸ್ವರ ಏರಿತು, ಏರಿತು, ಒಂದಿಷ್ಟೂ ಬಿರುಕಿಲ್ಲದೆ ತುದಿಯಲ್ಲಿ ನಿಂತಿತು. ಮುಗಿಯಿತು. ಯಾರೂ ಕೂಗಲಿಲ್ಲ. ಆ ಕುರ್ಚಿಗಿಂತ ಮೊದಲು ಕೂಗುವ ಧೈರ್ಯ ಅಲ್ಲಿ ಯಾರಿಗಿತ್ತು?

ಕುರ್ಚಿಯಿಂದ ಏನೂ ಬರಲಿಲ್ಲ. ಮೊಣಕಾಲಿನ ಮೇಲಿನ ಬೆರಳು ಬೇರೆ ಯಾವುದೋ ತಾಳದಲ್ಲಿ ಮೆಲ್ಲಗೆ ಆಡುತ್ತಿತ್ತು.

"ಪಾಪ, ಇವತ್ತೂ ಸಿಗ್ಲಿಲ್ಲ," ಎಂದು ನಿಂಗ್ ಪಿಸುಗುಟ್ಟಿದ.

ರುಯಿಚಿನ್ ಬೆಂಚುಗಳ ನಡುವಿನಿಂದ ನಡೆದು ಬಂದಳು. ಅಪ್ಪನ ಹಿಂದೆ ನಿಂತು "ಅಪ್ಪಾ," ಎಂದಳು. ಇನ್ನೊಂದು ಸಲ "ಅಪ್ಪಾ," ಎಂದಳು, ಈ ಸಲ ಸೇತುವೆಯ ಮೇಲಿನವರೂ ತಿರುಗುವ ದನಿಯಲ್ಲಿ. ಬೆರಳು ಆಡುತ್ತಲೇ ಇತ್ತು. ಅವಳ ಬಾಯಿ ಸೊಟ್ಟಗಾಯಿತು. ಸುತ್ತಿ ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಅವರ ಮೊಣಕಾಲು ಮುಟ್ಟಿದಳು.

ಯಾನ್ ಮಾವ ಕಣ್ಣು ಬಿಟ್ಟರು. ಮುಖವೆಲ್ಲ ಅರಳಿತು.

"ಯಾವಾಗ ಬಂದೆಯೇ?" ಎಂದರು. ಆಮೇಲೆ ಹೆದರಿಕೊಂಡೇ, ಕೇಳಲೋ ಬೇಡವೋ ಎಂಬ ಹಾಗೆ, "ಹಾಡೋಕೆ ಬಂದ್ಯಾ?" ಎಂದರು. ಅದನ್ನೂ ಚಟಾಕಿ ಎಂದುಕೊಂಡು ಹಿಂದಿನ ಬೆಂಚಿನವರು ನಕ್ಕರು.

ಅವಳು ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ, ಇಲ್ಲದಿದ್ದರೆ ಅಲ್ಲೇ ಗೊಳೋ ಎನ್ನುತ್ತಿದ್ದೆ.

"ಹೂಂ ಅಪ್ಪಾ. ಈಗ ಹಾಡ್ತೀನಿ," ಎಂದು ಅವಳು ತುಟಿ ಬಿಡಿಸಿ ಬಿಡಿಸಿ ಹೇಳಿದಳು. "ಕಣ್ಣು ಮುಚ್ಚಬೇಡಿ."

ಎದ್ದು ಎದುರಿಗೆ ನಿಂತು ಅದೇ ಹಾಡನ್ನು ಮೊದಲಿನಿಂದ ಶುರು ಮಾಡಿದಳು. ಅಳುತ್ತಾ ಹಾಡುವುದು ಸಾಧ್ಯವಿಲ್ಲ. ಅವಳು ಅಳುತ್ತಲೇ ಹಾಡಿದಳು. ಶ್ರುತಿ ಅಲ್ಲಾಡಿತು, ಉಸಿರು ತುಂಡಾಯಿತು. ಬಕೆಟ್ಟಿನಿಂದಲೇ ಉಸಿರು ತೆಗೆದುಕೊಂಡ ಹಾಗಿತ್ತು. ಅವರು ರೆಪ್ಪೆ ಬಡಿಯದೆ ಅವಳ ಬಾಯಿಯನ್ನೇ ನೋಡುತ್ತಿದ್ದರು. ಕೊನೆಯ ಸಾಲಿಗೆ ನಮ್ಮವರು, ಯಾರೂ ಹೇಳದೆಯೇ, ಮರದ ತಾಳವನ್ನು ಅವರಿಗೆ ಕಾಣುವ ಹಾಗೆ ತಲೆಯ ಮೇಲೆತ್ತಿ ಹಿಡಿದರು. ಶಾಂಗ್ ಕಮಾನನ್ನು ಆಕಾಶಕ್ಕೆ ಎಳೆದ. ಸ್ವರ ಏರಿ, ತುದಿಗೆ ಬಂದು, ವಸಂತದಲ್ಲಿ ಒಡೆದ ಜಾಗದಲ್ಲೇ ಮತ್ತೆ ಪರ್ರನೆ ಒಡೆಯಿತು.

"ಹಾವ್!" ಎಂದರು ಯಾನ್ ಮಾವ. ಕುರ್ಚಿ ಹಿಂದಕ್ಕೆ ಸರಿಯುವಷ್ಟು ಜೋರಾಗಿ.

ಹಜಾರ ನಗೆಯಲ್ಲಿ ಮುಳುಗಿತು. ರುಯಿಚಿನ್ ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿ ಅಪ್ಪನಿಗೆ ನಮಸ್ಕರಿಸಿದಳು. ನಿಂಗ್ ನನ್ನ ತೋಳು ಜಗ್ಗಿ, "ನೋಡಿದ್ರಾ ಅಕ್ಕಾ? ಚೆನ್ನಾಗಿ ಹಾಡಿದಾಗ ಬಾಯಿ ಬಿಡ್ಲಿಲ್ಲ, ಕೆಡಿಸಿದ ತಕ್ಷಣ ಹಿಡಿದ್ರು! ಹೆತ್ತ ಮಗಳನ್ನ ಎರಡನೇ ಸಲ! ಇಂಥ ಕಿವಿ ಇನ್ನೆಲ್ಲಿದೆ ಹೇಳಿ?" ಎಂದ. ನಾನು ಅವನ ಕೈ ಕೊಡವಿದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಪೋಲಿಗಳು ಶುರು ಮಾಡಿದ್ದರು. ಸಾಲಿನಿಂದ ಸಾಲಿಗೆ ಹಬ್ಬಿ ಎಲ್ಲರೂ ಅವಳ ಕಡೆ ತಿರುಗಿ ಒಂದೇ ಸಮನೆ ಆ ಮಗುಚಿದ ಮಾತನ್ನೇ ಕೂಗುತ್ತಿದ್ದರು.

ಯಾನ್ ಮಾವ ಸುತ್ತ ತಿರುಗಿ ಅಷ್ಟೂ ತೆರೆದ ಬಾಯಿಗಳನ್ನು ನೋಡಿದರು. ಮಗಳ ಕೈ ಹಿಡಿದು, "ಏನಂತೆ? ಏನು ಕೂಗ್ತಿದಾರೆ ಇವರೆಲ್ಲ?" ಎಂದು ಕೇಳಿದರು.

ಅವಳು ತೋಳಿನಿಂದ ಕಣ್ಣು ಒರೆಸಿಕೊಂಡಳು.

"ಹಾವ್ ಅಂತಿದಾರೆ ಅಪ್ಪಾ," ಎಂದಳು. "ಎಲ್ರೂ ಹಾವ್ ಅಂತಿದಾರೆ."